ಮಕ್ಕಳ ಜೊತೆ ಅಲಾಸ್ಕದ ಹಿಮನದಿಗಳಿಗೆ: ದೊಡ್ಡ ಹಡಗೋ, ಸಣ್ಣ ಹಡಗೋ, ನಾವೇ ಹೋಗುವುದೋ?

ಆಗ್ನೇಯ ಅಲಾಸ್ಕವನ್ನು ನಮ್ಮ ಮನೆಯವರು ಮೂರು ಬಗೆಯಲ್ಲಿ ನೋಡಿದ್ದೇವೆ. ಸಿಯಾಟಲ್‌ನಿಂದ ಹೊರಡುವ ಸಾವಿರಾರು ಜನರ ದೊಡ್ಡ ಹಡಗಿನಲ್ಲಿ, ಜೂನೋದಿಂದ ಹೊರಡುವ, ಎಪ್ಪತ್ತು ಜನ ಹತ್ತಿದರೆ ತುಂಬಿಹೋಗುವ ಸಣ್ಣ ಹಡಗಿನಲ್ಲಿ, ಮತ್ತೆ ಯಾವ ಪ್ಯಾಕೇಜೂ ಇಲ್ಲದೆ ಸರ್ಕಾರಿ ಫೆರಿ ಹತ್ತಿ, ಬಾಡಿಗೆಗೆ ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಹಿಡಿದು. ಊರಿನಿಂದ ಅಪ್ಪ ಅಮ್ಮ ಬಂದಾಗಲೋ ಮಕ್ಕಳಿಗೆ ಬೇಸಿಗೆ ರಜೆ ಬಂದಾಗಲೋ ಸಿಯಾಟಲ್ ಕಡೆಯ ನಮ್ಮವರು "ಯಾವುದು ಒಳ್ಳೇದು?" ಅಂತ ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಎಂಟೊಂಬತ್ತು ವರ್ಷ ದಾಟಿದ್ದರೆ, ನೀರಿನ ಮೇಲೆ ಕೂತು ಹುಟ್ಟು ಹಾಕುವ ಆಸೆ ಇದ್ದರೆ, ದುಡ್ಡು ಕೂಡಿಟ್ಟಾದರೂ ಸಣ್ಣ ಹಡಗಿಗೆ ಹೋಗಿ. ಅಲ್ಲಿನ ಊಟಕ್ಕೆ, ಕ್ಯಾಬಿನ್ನಿಗೆ ಮರುಳಾಗಿ ಹೇಳುತ್ತಿಲ್ಲ. ಸಣ್ಣ ಹಡಗು ನಿಲ್ಲಬೇಕೆನಿಸಿದ ಕಡೆ ನಿಲ್ಲುತ್ತದೆ, ಅದಕ್ಕೆ.

ಈ ಸೀಮೆಯ ಗುಣವೇ ಹಾಗಿದೆ. ಜೂನೋ ಅಲಾಸ್ಕದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ದೋಣಿಯಲ್ಲಿ. ಸುತ್ತ ದ್ವೀಪಗಳು, ಅವುಗಳ ನಡುವೆ ಕಡಲಿನದೇ ಆಳವಾದ ಕಿರುಗಾಲುವೆಗಳು, ಕೆಲವು ಕಾಲುವೆಗಳ ತುದಿಯಲ್ಲಿ ನೇರ ಕಡಲಿಗೇ ಇಳಿಯುವ ಹಿಮನದಿಗಳು. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ನೌಕಾಯಾತ್ರೆಯವರು ಈಗ ಗ್ಲೇಸಿಯರ್ ಬೇ ಎನ್ನುವ ಕೊಲ್ಲಿಯ ಬಾಯಿಗೆ ಬಂದಾಗ ಒಳಗೆ ಎಂಟು ಕಿಲೋಮೀಟರಿನಷ್ಟು ಮಾತ್ರ ನೀರಿತ್ತು, ಅದರಾಚೆ ಬರೀ ಮಂಜುಗಡ್ಡೆಯ ಗೋಡೆ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಆ ಗೋಡೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ಉದ್ದ ನೂರು ಕಿಲೋಮೀಟರಿಗೂ ಮಿಕ್ಕಿದೆ. 1794ಕ್ಕೂ ಮುಂಚೆ ಆ ಮಂಜುಗಡ್ಡೆ ಮುಂದಕ್ಕೆ ನುಗ್ಗಿ ಬಂದ ಕಾಲದಲ್ಲಿ ಊರು ಬಿಟ್ಟು ಹೋಗಬೇಕಾಗಿ ಬಂದವರು ಇಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನ. ಅವರ ಕುಲಮನೆ 2016ರಲ್ಲಿ ಕೊಲ್ಲಿಯ ಬಾಯಿಯ ಬಳಿಯ ಬಾರ್ಟ್ಲೆಟ್ ಕೋವ್ ದಡದಲ್ಲಿ ಮತ್ತೆ ಎದ್ದು ನಿಂತಿದೆ. ಇಂಥ ಜಾಗವನ್ನು ಗಡಿಯಾರ ನೋಡಿಕೊಂಡು ಸುತ್ತಿದರೆ ಏನೂ ದಕ್ಕುವುದಿಲ್ಲ ಎನ್ನುವುದು ನನ್ನ ಅನುಭವ.

ದೊಡ್ಡ ಹಡಗಿಗೆ ನ್ಯಾಯವಾಗಿ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಅತ್ತೆ ಮಾವನವರನ್ನು ಕರೆದುಕೊಂಡು ಹೋಗಿದ್ದು ಅದರಲ್ಲೇ, ಅವರಿಗೆ ಅದೇ ಸರಿಯಾಗಿತ್ತು. ಲಿಫ್ಟ್ ಇದೆ, ವೈದ್ಯರಿದ್ದಾರೆ, ರಾತ್ರಿ ಹೊಟ್ಟೆಗೆ ಬೇಳೆ ಅನ್ನ ಸಿಗುತ್ತದೆ, ಅಲೆಯ ಕುಲುಕಾಟ ಗೊತ್ತಾಗುವುದಿಲ್ಲ. ತಲೆಗೆ ಬೀಳುವ ಖರ್ಚು ಸಣ್ಣ ಹಡಗಿಗೆ ಹೋಲಿಸಿದರೆ ಎಷ್ಟೋ ಕಡಿಮೆ. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅನುಮತಿ. ಅಂದು ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ದಿನವಿಡೀ ವಿವರಿಸುತ್ತಾರೆ. ಅವರ ಮಾತು ಕೇಳುವುದೇ ಒಂದು ಪಾಠ.

ಆದರೆ ಹಡಗಿನಿಂದ ಇಳಿಯುವಂತಿಲ್ಲ. ಮಾರ್ಜರಿ ಹಿಮನದಿಯ ಮುಂದೆ ನಿಂತಾಗ ನಾವಿದ್ದದ್ದು ಹತ್ತು ಅಂತಸ್ತಿನ ಕಟ್ಟಡದ ತಾರಸಿಯಷ್ಟು ಮೇಲೆ. ಒಂದೂವರೆ ಕಿಲೋಮೀಟರ್ ಅಗಲದ ಆ ಮಂಜಿನ ಮುಖ ಎಷ್ಟು ಎತ್ತರ ಅನ್ನುವುದು ಅಲ್ಲಿಂದ ಕಣ್ಣಿಗೆ ಹತ್ತುವುದೇ ಇಲ್ಲ. ಮಂಜುಗಡ್ಡೆಯ ಮೇಲೆ ಮಲಗಿದ ಸೀಲ್ ಒಂದು ಕಪ್ಪು ಚುಕ್ಕೆ. "ಎಡಗಡೆ ತಿಮಿಂಗಿಲ" ಅಂತ ಧ್ವನಿವರ್ಧಕದಲ್ಲಿ ಕೂಗಿದಾಗ ನಾವು ಬಲಗಡೆ ಇದ್ದೆವು. ಜನರ ನಡುವೆ ದಾರಿ ಮಾಡಿಕೊಂಡು ಅತ್ತ ಹೋಗುವಷ್ಟರಲ್ಲಿ ಹಡಗು ಮುಂದೆ ಸಾಗಿತ್ತು. ಮರುದಿನ ಬೆಳಗ್ಗೆ ಇನ್ನೊಂದು ಬಂದರಿನಲ್ಲಿ ಇರಲೇಬೇಕಾದ ಹಡಗು ಯಾವ ಪ್ರಾಣಿಗೂ ಕಾಯಲಾರದು. ಕಯಾಕ್ ಬೇಕೆಂದರೆ ಬಂದರಿನಲ್ಲಿ ಬೇರೆ ದುಡ್ಡು ಕೊಟ್ಟು, ಬಸ್ಸಿನಲ್ಲಿ ಒಂದು ಕೊಲ್ಲಿಗೆ ಹೋಗಿ, ಒಂದೆರಡು ಗಂಟೆ ಹುಟ್ಟು ಹಾಕಿ ಬರಬೇಕು. ಕೆಚಿಕಾನ್‌ನಲ್ಲಿ ನಾವು ಹಾಗೆ ಮಾಡಿದೆವು. ಹದ್ದುಗಳು ಕಂಡವು, ಮಳೆಯೂ ಹದವಾಗಿತ್ತು, ಮಗಳು ಖುಷಿಪಟ್ಟಳು. ಹಿಮನದಿ ಮಾತ್ರ ಎಲ್ಲೂ ಇರಲಿಲ್ಲ.

ಇಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ದೊಡ್ಡ ಹಡಗುಗಳೆಲ್ಲ ಹೆಚ್ಚುಕಮ್ಮಿ ವಿದೇಶಿ ಬಾವುಟದವು. ಅಮೆರಿಕದ 1886ರ ಕಾನೂನಿನ ಪ್ರಕಾರ ಅಂಥ ಹಡಗು ಸಿಯಾಟಲ್‌ನಲ್ಲಿ ಜನರನ್ನು ಹತ್ತಿಸಿಕೊಂಡು, ನಡುವೆ ಒಂದು ವಿದೇಶಿ ಬಂದರು ಮುಟ್ಟದೆ, ಮತ್ತೆ ಸಿಯಾಟಲ್‌ನಲ್ಲಿ ಇಳಿಸುವಂತಿಲ್ಲ. ಅದಕ್ಕೇ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ಗಂಟೆಗಳ ನಿಲುಗಡೆ ಇರುತ್ತದೆ. ಆ ಕೆಲವು ಗಂಟೆಗಾಗಿ ಅತ್ತೆ ಮಾವನವರಿಗೆ ಕೆನಡಾ ವೀಸಾ ಮಾಡಿಸಬೇಕಾಯಿತು. ಅಮೆರಿಕದ ಬಾವುಟದ ಸಣ್ಣ ಹಡಗು ಜೂನೋದಲ್ಲಿ ಹತ್ತಿಸಿ ಸಿಟ್ಕಾದಲ್ಲೋ ಜೂನೋದಲ್ಲೋ ಇಳಿಸುತ್ತದೆ. ದೇಶ ದಾಟುವ ಪ್ರಶ್ನೆಯೇ ಇಲ್ಲ. ಹೀಗೆ ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಒಯ್ಯಲು ಅಮೆರಿಕದಲ್ಲೇ ಕಟ್ಟಿದ ಹಡಗು, ಅಮೆರಿಕದ ಸಿಬ್ಬಂದಿ ಬೇಕು. ಸಣ್ಣ ಹಡಗಿನ ದರ ಏರಲು ಅದೂ ಒಂದು ಕಾರಣ.

ಇನ್ನು ಸಣ್ಣ ಹಡಗಿನ ಕಥೆ. ಹಡಗಿನ ಹಿಂಬದಿಯಲ್ಲಿ ನೀರಿನ ಮಟ್ಟಕ್ಕೇ ಒಂದು ವೇದಿಕೆ ಇರುತ್ತದೆ. ಕಯಾಕನ್ನು ಅದರ ಮೇಲಿಟ್ಟು, ನಮ್ಮನ್ನು ಒಳಗೆ ಕೂರಿಸಿ, ಮೆಲ್ಲಗೆ ನೀರಿಗೆ ಜಾರಿಸಿಬಿಡುತ್ತಾರೆ. ದಡ ಹುಡುಕುವ ಕೆಲಸವಿಲ್ಲ, ಕೆಸರು ತುಳಿಯುವಂತಿಲ್ಲ. ಇಬ್ಬರು ಕೂರುವ ಕಯಾಕ್, ಮಕ್ಕಳು ಮುಂದೆ, ದೊಡ್ಡವರು ಹಿಂದೆ. ದಿಕ್ಕು ತಿರುಗಿಸುವ ಚುಕ್ಕಾಣಿಯ ಪೆಡಲು ಹಿಂದಿನವರ ಕಾಲ ಬಳಿ ಇರುವುದರಿಂದ ಮಗು ಹುಟ್ಟು ಹಾಕುವುದನ್ನು ಬಿಟ್ಟು ನೋಡುತ್ತಾ ಕೂತರೂ ದೋಣಿ ಸಾಗುತ್ತದೆ. ನಮ್ಮ ಮಗ ಬಹುಪಾಲು ನೋಡುತ್ತಲೇ ಕೂತಿದ್ದ. ಅವನು ಬಂದದ್ದೂ ಅದಕ್ಕೇ ತಾನೇ.

ಎಂಡಿಕಾಟ್ ಆರ್ಮ್ ಎನ್ನುವ ಕಾಲುವೆಯಲ್ಲಿ, ಡಾಸ್ ಹಿಮನದಿಯಿಂದ ಬಹಳ ದೂರದಲ್ಲೇ, ಮಂಜಿನ ತುಂಡುಗಳ ನಡುವೆ ಕಯಾಕ್ ಇಳಿಸಿದರು. ಆ ನೀರಿಗೆ ಬಿದ್ದರೆ ಕೈಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಕಿಲ್ಲ, ಹಾಗಾಗಿ ಗೈಡ್‌ಗಳು ಸಲುಗೆ ಕೊಡುವುದೇ ಇಲ್ಲ. ಹಿಮನದಿಯ ಮುಖಕ್ಕೆ ಕಾಲು ಮೈಲಿಗಿಂತ, ಅಂದರೆ ಸುಮಾರು ನಾನೂರು ಮೀಟರಿಗಿಂತ, ಹತ್ತಿರ ಹೋಗಬಾರದು ಅನ್ನುವುದು ಕನಿಷ್ಠ ಲೆಕ್ಕ. ನಮ್ಮವರು ಅದಕ್ಕೂ ಎಷ್ಟೋ ಹಿಂದೆಯೇ ನಿಲ್ಲಿಸಿದರು. ಹುಟ್ಟು ಮಡಿಲಲ್ಲಿಟ್ಟು ಸುಮ್ಮನೆ ಕೂತಾಗ ಸುತ್ತಲಿಂದ ಚಿಟಪಟ ಸದ್ದು ಕೇಳತೊಡಗಿತು. ಎಷ್ಟೋ ಕಾಲದ ಹಿಂದೆ ಹಿಮ ಒತ್ತಿ ಗಟ್ಟಿಯಾಗುವಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಮಂಜು ಕರಗುತ್ತಿದ್ದಂತೆ ಒಡೆಯುವ ಸದ್ದು ಅದು. ಎಣ್ಣೆಗೆ ಬಿದ್ದ ಸಾಸಿವೆಯ ಸದ್ದೇ. ದೊಡ್ಡ ಹಡಗಿನ ಡೆಕ್ಕಿನಲ್ಲಿ ಇದು ಕೇಳಿರಲೇ ಇಲ್ಲ. ನಡುವೆ ಹಿಮನದಿಯ ಒಂದು ಚೂರು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಗುಡುಗು ಆಮೇಲೆ ಬಂತು, ಅದರ ಅಲೆ ನಮ್ಮನ್ನು ಎತ್ತಿ ಇಳಿಸಿದ್ದು ಇನ್ನೂ ಎಷ್ಟೋ ಹೊತ್ತಿನ ಮೇಲೆ. ದೂರ, ಎತ್ತರ, ತೂಕ ಎಲ್ಲ ಮಕ್ಕಳಿಗೆ ಮೈಯಲ್ಲೇ ಅರ್ಥವಾದ ಗಳಿಗೆ ಅದು.

ಒಂದು ಮಾತು ಒತ್ತಿ ಹೇಳಬೇಕು. ಕಯಾಕ್ ಸದ್ದಿಲ್ಲದ್ದು, ಆದ್ದರಿಂದ ಪ್ರಾಣಿಗಳಿಗೆ ತೊಂದರೆಯಿಲ್ಲ ಅನ್ನುವುದು ನಿಜವಲ್ಲ. ಜೂನ್ ಸುಮಾರಿಗೆ ಸೀಲ್‌ಗಳು ತೇಲುವ ಮಂಜಿನ ಮೇಲೆ ಮರಿ ಹಾಕುತ್ತವೆ. ಸದ್ದಿಲ್ಲದೆ ಹತ್ತಿರ ಬರುವ ತಗ್ಗಾದ ಆಕಾರ ಅವಕ್ಕೆ ಬೇಟೆಗಾರನಂತೆ ಕಾಣುತ್ತದೆ. ತಾಯಿ ಬೆದರಿ ನೀರಿಗೆ ಹಾರಿದರೆ ಹಸುಳೆ ಮರಿ ಒಂಟಿಯಾಗುತ್ತದೆ, ಇಲ್ಲವೇ ಆ ತಣ್ಣೀರಿಗೆ ಬೀಳುತ್ತದೆ. ಸೀಲ್ ತಲೆಯೆತ್ತಿ ನಮ್ಮ ಕಡೆ ನೋಡಿತೆಂದರೆ ನಾವಾಗಲೇ ಹೆಚ್ಚು ಹತ್ತಿರ ಬಂದಿದ್ದೇವೆ ಎಂದು ಗೈಡ್ ಮಕ್ಕಳಿಗೆ ಹೇಳಿಕೊಟ್ಟರು. ಆಮೇಲೆ ನಮ್ಮ ಮಗಳೇ ಉಳಿದವರ ಕಯಾಕ್‌ಗಳನ್ನು ಹಿಂದೆ ಕರೆಯುತ್ತಿದ್ದಳು.

ಕಾಯುವುದರ ಬೆಲೆ ತಿಳಿದದ್ದು ಚಾಥಮ್ ಜಲಸಂಧಿಯಲ್ಲಿ. ಬೆಳಗಿನ ತಿಂಡಿಗೆ ಕೂತಿದ್ದಾಗ ದೂರದಲ್ಲಿ ಕಡಲಕ್ಕಿಗಳು ಒಂದೆಡೆ ಮುತ್ತುವುದು ಕಂಡು ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದರು. ಹಂಪ್‌ಬ್ಯಾಕ್ ತಿಮಿಂಗಿಲಗಳ ಗುಂಪು ಹೆರಿಂಗ್ ಮೀನುಗಳಿಗೆ ಬಲೆ ಬೀಸುತ್ತಿತ್ತು. ಬಲೆ ಎಂದರೆ ಗುಳ್ಳೆಗಳದ್ದು. ಒಂದು ತಿಮಿಂಗಿಲ ಕೆಳಗಿನಿಂದ ಸುತ್ತು ಹಾಕುತ್ತಾ ಗುಳ್ಳೆ ಬಿಡುತ್ತದೆ, ಮೀನುಗಳು ಆ ಉಂಗುರದೊಳಗೆ ಗುಂಪುಗೂಡುತ್ತವೆ, ಕೊನೆಗೆ ಎಲ್ಲವೂ ಒಟ್ಟಿಗೆ ಬಾಯ್ತೆರೆದು ಮೇಲೇಳುತ್ತವೆ. ಚಳಿಗಾಲವನ್ನು ಹವಾಯಿಯ ಬಿಸಿನೀರಿನಲ್ಲಿ ಹೆಚ್ಚುಕಮ್ಮಿ ಉಪವಾಸವೇ ಕಳೆದು, ವರ್ಷದ ಹಸಿವನ್ನೆಲ್ಲ ಇಲ್ಲಿಗೆ ಬಂದು ತೀರಿಸಿಕೊಳ್ಳುವ ಪ್ರಾಣಿಗಳು. ನೂರು ಗಜಕ್ಕಿಂತ ಹತ್ತಿರ ಹೋಗಬಾರದು ಎಂಬುದು ಅಲಾಸ್ಕದ ನಿಯಮ. ನಾವು ಅಷ್ಟು ದೂರದಲ್ಲಿ ತೇಲುತ್ತಾ ನಿಂತೆವು, ಅವು ಮುಳುಗಿ ಎದ್ದು, ಮತ್ತೆ ಮುಳುಗಿ ಎದ್ದು, ಹೊಟ್ಟೆ ತುಂಬಿಸಿಕೊಳ್ಳುವವರೆಗೂ. ಮಧ್ಯಾಹ್ನ ಹೋಗಬೇಕಿದ್ದ ನಡಿಗೆ ರದ್ದಾಯಿತು. ಯಾರೂ ಅದರ ಮಾತೆತ್ತಲಿಲ್ಲ.

ಕಂದು ಕರಡಿಗಳೂ ಹಾಗೆಯೇ ಕಂಡವು. ಆಡ್ಮಿರಲ್ಟಿ ದ್ವೀಪದಲ್ಲಿ ಚದರ ಮೈಲಿಗೊಂದರಂತೆ ಕಂದು ಕರಡಿಗಳಿವೆ. ಕಡಲು ಇಳಿದಾಗ ದಡಕ್ಕೆ ಬಂದು ಎಳೆ ಜೊಂಡುಹುಲ್ಲು ಮೇಯುತ್ತವೆ. ಹಡಗಿನ ಪುಟ್ಟ ದೋಣಿಯಿಂದ, ಎಂಜಿನ್ ಆರಿಸಿ ನೋಡಿದೆವು.

ಸಣ್ಣ ಹಡಗಿನ ಕುಂದುಗಳೂ ಸಣ್ಣವಲ್ಲ. ಒಂದು ವಾರಕ್ಕೆ ತಲೆಗೆ ಹಲವು ಸಾವಿರ ಡಾಲರ್, ಮಕ್ಕಳಿಗೆ ರಿಯಾಯಿತಿ ಎಲ್ಲ ಯಾನಗಳಲ್ಲೂ ಸಿಗುವುದಿಲ್ಲ. ಕ್ಯಾಬಿನ್ ಇಕ್ಕಟ್ಟು, ಮೆಟ್ಟಿಲು ಕಡಿದು, ಬೆಳಗಿನ ಜಾವ ಲಂಗರು ಎತ್ತುವ ಸರಪಳಿಯ ಸದ್ದು ತಲೆದಿಂಬಿನ ಕೆಳಗೇ ಇದ್ದಂತೆ. ತೆರೆದ ನೀರಿನಲ್ಲಿ ಗಾಳಿ ಎದ್ದರೆ ಹಡಗು ಚೆನ್ನಾಗಿಯೇ ಕುಲುಕುತ್ತದೆ, ನನ್ನ ಗಂಡ ಒಂದು ರಾತ್ರಿ ಊಟದ ಕಡೆ ತಲೆಹಾಕಲಿಲ್ಲ. ಫೋನ್ ಸಿಗುವುದಿಲ್ಲ. ಅಡುಗೆಮನೆ ಒಂದೇ, ಸಸ್ಯಾಹಾರ ಬೇಕೆಂದು ತಿಂಗಳುಗಳ ಮುಂಚೆಯೇ ತಿಳಿಸಬೇಕು. ನಾವು ಹೋದ ಹಡಗಿನಲ್ಲಿ ಮಕ್ಕಳ ಕೈಗೆ ಹೊಂದುವ ಚಿಕ್ಕ ಹುಟ್ಟುಗಳು ಎಲ್ಲರಿಗೂ ಸಾಲಲಿಲ್ಲ, ಸರದಿಯಲ್ಲಿ ಹಂಚಿಕೊಳ್ಳಬೇಕಾಯಿತು. ಅಷ್ಟು ದುಡ್ಡು ತೆಗೆದುಕೊಂಡ ಮೇಲೆ ಇದು ಒಪ್ಪುವ ಮಾತಲ್ಲ. ಜೊತೆಗೆ, ಬಹುಪಾಲು ಪ್ರಯಾಣಿಕರು ನಿವೃತ್ತರು. ಕುಟುಂಬಗಳಿಗೆಂದೇ ಗುರುತಿಸಿದ ಯಾನಗಳನ್ನು ಹುಡುಕಿದರೆ ಮಕ್ಕಳಿಗೆ ಜೊತೆಗಾರರು ಸಿಗುತ್ತಾರೆ.

ಮೂರನೆಯ ದಾರಿ ಜೇಬಿಗೆ ಹಗುರ, ಮೈಗೆ ಭಾರ. 1963ರಿಂದ ಓಡುತ್ತಿರುವ ರಾಜ್ಯದ ಫೆರಿ ವ್ಯವಸ್ಥೆ ಜೂನೋದಿಂದ ಗಸ್ಟೇವಸ್ ಎಂಬ ಪುಟ್ಟ ಊರಿಗೆ ಕರೆದೊಯ್ಯುತ್ತದೆ, ಆದರೆ ದಿನವೂ ಇಲ್ಲ. ಅಲ್ಲಿಂದ ಬಾರ್ಟ್ಲೆಟ್ ಕೋವ್ ಹತ್ತಿರ. ಬೇಸಿಗೆಯಲ್ಲಿ ಒಂದು ದಿನದ ದೋಣಿ ಅಲ್ಲಿಂದ ಗ್ಲೇಸಿಯರ್ ಬೇ ತುದಿಯವರೆಗೆ ಹೋಗಿ ಸಂಜೆಗೆ ಮರಳುತ್ತದೆ, ಹಿಮನದಿಯನ್ನು ದೊಡ್ಡ ಹಡಗಿಗಿಂತ ಚೆನ್ನಾಗಿ ತೋರಿಸುತ್ತದೆ. ಬಾಡಿಗೆ ಕಯಾಕ್ ಹಿಡಿದು ನಾವು ಹೋದದ್ದು ಬಿಯರ್ಡ್ಸ್‌ಲೀ ದ್ವೀಪಗಳ ನಡುವೆ. ಬೇಸಿಗೆಯಲ್ಲಿ ಅಲ್ಲಿ ಮೋಟಾರು ದೋಣಿಗಳಿಗೆ ಪ್ರವೇಶವಿಲ್ಲ. ಒಳಹೋಗುವ ಕಿರುದಾರಿಯಲ್ಲಿ ಉಬ್ಬರ ಇದ್ದಾಗಷ್ಟೇ ನೀರು, ಇಳಿತದಲ್ಲಿ ಒಣಗಿಬಿಡುತ್ತದೆ. ಉಬ್ಬರ ಇಳಿತದ ವ್ಯತ್ಯಾಸ ಕೆಲವು ದಿನ ಆರು ಮೀಟರು ದಾಟುವ ಊರದು, ವೇಳಾಪಟ್ಟಿ ಬಾಯಿಪಾಠ ಇರಬೇಕು. ಬೆನ್ನ ಮೇಲೆ ಮಲಗಿ ಎದೆಯ ಮೇಲೆ ಚಿಪ್ಪು ಒಡೆಯುವ ಕಡಲ ನೀರುನಾಯಿಗಳು ಧಾರಾಳವಾಗಿ ಕಂಡವು. ಹಿಮನದಿ ಅಲ್ಲಿಂದ ಕಾಣುವುದಿಲ್ಲ. ಕರಡಿಗೆ ಸಿಗದಂತೆ ಊಟ ಕಾಯುವುದು, ಡೇರೆ, ಮಳೆ ಎಲ್ಲ ನಮ್ಮ ಹೆಗಲಿಗೇ. ಹದಿಹರೆಯದ ಮಕ್ಕಳಿದ್ದರೆ ಇದು ಅದ್ಭುತ, ಚಿಕ್ಕವರಿದ್ದರೆ ನಾನು ಬೇಡ ಎನ್ನುತ್ತೇನೆ. ಬಾರ್ಟ್ಲೆಟ್ ಕೋವ್ ದಡದಲ್ಲೇ ನಿಲ್ಲಿಸಿರುವ ತಿಮಿಂಗಿಲದ ಅಸ್ಥಿಪಂಜರವನ್ನು ಮಾತ್ರ ಎಲ್ಲರೂ ನೋಡಬೇಕು. 2001ರಲ್ಲಿ ಪ್ರಯಾಣಿಕರ ದೊಡ್ಡ ಹಡಗೊಂದು ಬಡಿದು ಸತ್ತ ಹಂಪ್‌ಬ್ಯಾಕ್ ಅದು.

ಮಳೆಗೆ ನಮ್ಮವರು ಹೆದರಬೇಕಿಲ್ಲ. ಕೆಚಿಕಾನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್, ಆಗುಂಬೆಯ ಅರ್ಧ. ಆದರೆ ತಣ್ಣಗಿನ, ಬಿಡದ ತುಂತುರು. ಒಳ್ಳೆಯ ರೇನ್‌ಕೋಟು, ಮೊಣಕಾಲೆತ್ತರದ ರಬ್ಬರ್ ಬೂಟು, ಒಳಗೆ ಉಣ್ಣೆ ಬೇಕೇ ಬೇಕು. ಹತ್ತಿ ಬಟ್ಟೆ ಬೇಡ.

ದುಡ್ಡು ಕಟ್ಟುವ ಮುಂಚೆ ಕಂಪನಿಯವರಿಗೆ ಫೋನ್ ಮಾಡಿ ಕೇಳಿ: ಕಯಾಕ್‌ಗೆ ಕನಿಷ್ಠ ವಯಸ್ಸೆಷ್ಟು, ಒಬ್ಬ ಗೈಡ್‌ಗೆ ಎಷ್ಟು ದೋಣಿ, ದರದಲ್ಲೇ ಸೇರಿದೆಯೋ ಬೇರೆಯೋ. ಯಾವ ಹಿಮನದಿಗೆ ಹೋಗುತ್ತೀರಿ ಅನ್ನುವುದನ್ನೂ ಬಿಡಿಸಿ ಕೇಳಿ. 2025ರ ಆಗಸ್ಟ್ 10ರಂದು ಎಂಡಿಕಾಟ್ ಆರ್ಮ್ ಪಕ್ಕದ ಟ್ರೇಸಿ ಆರ್ಮ್ ಎಂಬ ಕಾಲುವೆಯಲ್ಲಿ, ಸೌತ್ ಸಾಯರ್ ಹಿಮನದಿಯ ಬಳಿ, ಬೆಟ್ಟದ ಮಗ್ಗುಲು ಕುಸಿದು ಎದ್ದ ಸುನಾಮಿ ಎದುರು ದಂಡೆಯಲ್ಲಿ ನೂರಾರು ಮೀಟರ್ ಮೇಲೇರಿತು. ಕಾಲುವೆಯ ಬಾಯಲ್ಲಿನ ಹಾರ್ಬರ್ ದ್ವೀಪದಲ್ಲಿ ಬೀಡುಬಿಟ್ಟಿದ್ದ ಕಯಾಕ್ ಪ್ರವಾಸಿಗರ ಸಾಮಾನು ಕೊಚ್ಚಿಹೋಯಿತು, ಜೀವ ಉಳಿಯಿತು. ಹಿಮನದಿ ಹಿಂದೆ ಸರಿದಾಗ ಅದಕ್ಕೆ ಒರಗಿ ನಿಂತಿದ್ದ ಬೆಟ್ಟದ ಮಗ್ಗುಲಿಗೆ ಆಸರೆ ತಪ್ಪುತ್ತದೆ. ಹಳೆಯ ಕರಪತ್ರದಲ್ಲಿ ಟ್ರೇಸಿ ಆರ್ಮ್ ಎಂದೇ ಅಚ್ಚಾಗಿದ್ದರೆ, ಈ ವರ್ಷ ನಿಜವಾಗಿ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಕಯಾಕ್ ಇಳಿಸುತ್ತಾರೋ ಇಲ್ಲವೋ ಎಂದು ಬರಹದಲ್ಲೇ ಉತ್ತರ ತರಿಸಿಕೊಳ್ಳಿ.