ನೀಲಿ ಟೈರಿನ ಬಾಡಿಗೆ ಸೈಕಲ್: ಡೆಲ್ಫ್ಟ್‌ನ ವಿದ್ಯಾರ್ಥಿಗೆ ಎಷ್ಟು ಲಾಭ?

ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರಕ್ಕೆ ಓದಲು ಬರುವ ವಿದೇಶಿ ವಿದ್ಯಾರ್ಥಿಗೆ, ವಾಸಕ್ಕೆ ಒಂದು ಕೋಣೆ ಸಿಕ್ಕ ಮರುದಿನವೇ ಎದುರಾಗುವ ಪ್ರಶ್ನೆಯೆಂದರೆ ಸೈಕಲ್ಲನ್ನು ಕೊಳ್ಳಬೇಕೇ ಅಥವಾ ತಿಂಗಳ ಬಾಡಿಗೆಗೆ ಪಡೆಯಬೇಕೇ ಎಂಬುದು. ಬಾಡಿಗೆಯ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಸ್ವಾಪ್‌ಫೀಟ್ಸ್. 2014ರಲ್ಲಿ ಇದೇ ಊರಿನ ವಿದ್ಯಾರ್ಥಿಗಳು ಆರಂಭಿಸಿದ ಈ ಸೇವೆ ಇಂದು ಹಲವು ನಗರಗಳಿಗೆ ಹಬ್ಬಿದೆ. ಮುಂದಿನ ಚಕ್ರದ ನೀಲಿ ಟೈರು ಅದರ ಗುರುತು. ಇದರ ಅತ್ಯಂತ ಸರಳವಾದ, ಗೇರ್ ಇಲ್ಲದ ಮಾದರಿಯನ್ನು ಬಳಸುತ್ತಿರುವ ನನ್ನ ಅಭಿಪ್ರಾಯದಲ್ಲಿ, ನಾವು ತೆರುವ ಬಾಡಿಗೆಯ ದೊಡ್ಡ ಪಾಲು ಸಲ್ಲುವುದು ರಿಪೇರಿಯ ಚಿಂತೆ ತಪ್ಪಿದ್ದಕ್ಕೆ. ಆ ನೆಮ್ಮದಿ ಎಷ್ಟು ಕಾಲ ಬೇಕು ಎಂಬುದನ್ನು ಅವರವರೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲು ಸೈಕಲ್ಲಿನ ವಿಚಾರ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವ ಡಚ್ ಮಾದರಿಯ ಭಾರವಾದ ಗಾಡಿ ಇದು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಹ್ಯಾಂಡಲ್ಲಿನ ಬ್ರೇಕನ್ನೇ ನಂಬಿ ಬೆಳೆದವರಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಅನುಕೂಲವಾದ ಎತ್ತರಕ್ಕೆ ತಂದುಕೊಳ್ಳಲು ಆಗದಿರುವುದು ಕೆಲವು ದಿನ ಕಿರಿಕಿರಿ ಎನಿಸುತ್ತದೆ; ಆಮೇಲೆ ಕಾಲು ತಾನೇ ಹೊಂದಿಕೊಳ್ಳುತ್ತದೆ. ಹಳೆಯ ಊರಿನ ಕಾಲುವೆಗಳ ಬದಿಯ ಇಟ್ಟಿಗೆ ಹಾಸಿನ ಬೀದಿಗಳಲ್ಲಿ ಈ ಭಾರವೇ ಅನುಕೂಲ, ಗಾಡಿ ಅಷ್ಟಾಗಿ ಕುಣಿಯುವುದಿಲ್ಲ. ಆದರೆ ಸಮುದ್ರ ಹತ್ತಿರವಿರುವ ಈ ಸಪಾಟು ನೆಲದಲ್ಲಿ ಎದುರುಗಾಳಿ ಬೀಸತೊಡಗಿದರೆ, ಗೇರ್ ಇಲ್ಲದ ಸೈಕಲ್ಲಿನಲ್ಲಿ ವಿಶ್ವವಿದ್ಯಾಲಯದ ಆವರಣ ತಲುಪುವಷ್ಟರಲ್ಲಿ ತೊಡೆ ಉರಿಯುತ್ತದೆ. ಹೇಗ್ ಅಥವಾ ರಾಟರ್‌ಡ್ಯಾಮ್‌ವರೆಗೆ ಸೈಕಲ್ಲಿನಲ್ಲೇ ಹೋಗುವ ಉತ್ಸಾಹವಿರುವವರು ಸ್ವಲ್ಪ ಹೆಚ್ಚು ಕೊಟ್ಟು 7 ಗೇರ್‌ಗಳ ಮಾದರಿಯನ್ನು ಪಡೆಯುವುದೇ ಸರಿ.

ಇದರ ದೀಪಗಳು ನನಗೆ ವಿಶೇಷವಾಗಿ ಮೆಚ್ಚುಗೆಯಾದವು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4:30ರ ಹೊತ್ತಿಗೇ ಸೂರ್ಯ ಮುಳುಗುವುದರಿಂದ, ತರಗತಿ ಮುಗಿಸಿ ಮನೆಗೆ ಮರಳುವುದು ಕತ್ತಲಲ್ಲೇ. ಕತ್ತಲಾದ ಮೇಲೆ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪವಿಲ್ಲದೆ ಸೈಕಲ್ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರೆ. ಸಿಕ್ಕಿಸಿ ತೆಗೆಯುವ ಅಗ್ಗದ ದೀಪಗಳು ಕಳೆದುಹೋಗುವುದೇ ಹೆಚ್ಚು. ಇಲ್ಲಿ ದೀಪಗಳು ಸೈಕಲ್ಲಿಗೇ ಭದ್ರವಾಗಿ ಜೋಡಿಸಿಕೊಂಡಿರುವುದರಿಂದ ಆ ತಲೆನೋವಿಲ್ಲ.

ಇನ್ನು ರಿಪೇರಿ. ಆ್ಯಪ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋದರೆ ಅವರೇ ಸರಿಪಡಿಸಿ ಕೊಡುತ್ತಾರೆ, ಬೇಗ ಸರಿಹೋಗದ ತೊಂದರೆಯಾದರೆ ಗಾಡಿಯನ್ನೇ ಬದಲಿಸಿಕೊಡುತ್ತಾರೆ. ಮಾಮೂಲಿ ಸವೆತಕ್ಕೆ ಬೇರೆ ಹಣವಿಲ್ಲ. ಕೂಲಿ ದುಬಾರಿಯಾದ ಈ ದೇಶದಲ್ಲಿ, ಅಂಗಡಿಯಲ್ಲಿ ಒಂದು ಪಂಕ್ಚರ್ ಹಾಕಿಸಲು 15 ಯೂರೊಗಳಷ್ಟಾದರೂ ಬೇಕಾಗುವಾಗ, ಇದು ಸಣ್ಣ ಸೌಲಭ್ಯವೇನಲ್ಲ. ಕಳ್ಳತನದ ವಿಷಯದಲ್ಲಿ ಮಾತ್ರ ಒಪ್ಪಂದವನ್ನು ಗಮನವಿಟ್ಟು ಓದಬೇಕು. ಹಿಂದಿನ ಚಕ್ರದ ಬೀಗವನ್ನೂ ಸರಪಳಿಯ ಬೀಗವನ್ನೂ ಹಾಕಿದ್ದು, ಕೀಲಿಕೈ ನಮ್ಮ ಬಳಿಯೇ ಇದ್ದರೆ ನಷ್ಟದಲ್ಲಿ ಒಂದು ಪಾಲನ್ನಷ್ಟೇ ನಾವು ಭರಿಸಬೇಕು. ಕೀಲಿಕೈ ತೋರಿಸಲಾಗದಿದ್ದರೆ ಹೊರೆ ದೊಡ್ಡದು. ರೈಲು ನಿಲ್ದಾಣದ ನೆಲದಡಿಯ ಸೈಕಲ್ ತಂಗುದಾಣದಲ್ಲಿ ಮೊದಲ 24 ಗಂಟೆ ಉಚಿತವಾಗಿರುವಾಗ, ಸೈಕಲ್ಲನ್ನು ಹೊರಗೆ ಯಾವುದೋ ಕಂಬಕ್ಕೆ ಕಟ್ಟಿ ಹೋಗುವುದರಲ್ಲಿ ಅರ್ಥವಿಲ್ಲ. ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದನ್ನು ನಗರಸಭೆಯವರು ಎತ್ತಿಕೊಂಡು ಹೋಗುತ್ತಾರೆ, ಬಿಡಿಸಿಕೊಳ್ಳಲು ಹಣ ಕಟ್ಟಬೇಕು. ಅಂದಹಾಗೆ, ಸಾಲಾಗಿ ನಿಂತ ನೂರಾರು ನೀಲಿ ಟೈರುಗಳ ನಡುವೆ ನಮ್ಮದು ಯಾವುದೆಂದು ತಿಳಿಯಲು ಹ್ಯಾಂಡಲ್ಲಿಗೆ ಒಂದು ಬಣ್ಣದ ದಾರವನ್ನಾದರೂ ಕಟ್ಟಿಕೊಳ್ಳುವುದು ಅಗತ್ಯ.

ಈಗ ಹಣದ ಲೆಕ್ಕ. ತಿಂಗಳ ಬಾಡಿಗೆ 20 ಯೂರೊಗಳ ಆಸುಪಾಸು ಎಂದಿಟ್ಟುಕೊಂಡರೆ, ಒಂದು ಸೆಮಿಸ್ಟರಿಗೆಂದು ಬರುವ ವಿನಿಮಯ ವಿದ್ಯಾರ್ಥಿಗೆ ಆಗುವ ಖರ್ಚು 100ರಿಂದ 120 ಯೂರೊ. ಹೋಗುವಾಗ ಗಿರಾಕಿ ಹುಡುಕುವ ತಾಪತ್ರಯವೂ ಇಲ್ಲ. ಅಂಥವರು ಎರಡನೆಯ ಯೋಚನೆ ಮಾಡಬೇಕಾಗಿಲ್ಲ. ಆದರೆ ಡೆಲ್ಫ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸುಗಳು ಸಾಮಾನ್ಯವಾಗಿ 2 ವರ್ಷದವು. ಅಷ್ಟು ಕಾಲಕ್ಕೆ ಬಾಡಿಗೆ 480 ಯೂರೊ ಮುಟ್ಟುತ್ತದೆ, ಕೊನೆಗೆ ಕೈಯಲ್ಲಿ ಸೈಕಲ್ಲೂ ಉಳಿಯುವುದಿಲ್ಲ. ಅಂಗಡಿಯಲ್ಲಿ ರಸೀದಿ ಸಮೇತ ಸಿಗುವ ಹಳೆಯ ಸೈಕಲ್ಲಿಗೆ 150-200 ಯೂರೊ ಕೊಟ್ಟು, ಪಂಕ್ಚರ್ ಹಾಕುವುದನ್ನು ಕಲಿತುಕೊಂಡರೆ ಅದೇ ಮೇಲು. ರಸೀದಿ ಎಂದು ಒತ್ತಿ ಹೇಳಲು ಕಾರಣವಿದೆ: ಬೀದಿಯಲ್ಲಿ ಯಾರೋ 30 ಯೂರೊಗೆ ಕೊಡುತ್ತೇನೆಂದು ತರುವ ಸೈಕಲ್ ಕದ್ದದ್ದಾಗಿರುವ ಸಂಭವವೇ ಹೆಚ್ಚು, ಮತ್ತು ಕದ್ದದ್ದೆಂದು ಸಂಶಯಿಸಲು ಕಾರಣವಿದ್ದೂ ಕೊಂಡರೆ ಇಲ್ಲಿನ ಕಾನೂನಿನಲ್ಲಿ ಕೊಂಡವರೂ ಅಪರಾಧಿಗಳೇ.

ಹಾಗಾಗಿ ದೀರ್ಘಕಾಲ ಇರುವವರು ಮೊದಲ ಚಳಿಗಾಲ ಕಳೆಯುವವರೆಗೆ ಬಾಡಿಗೆಯದನ್ನು ಇಟ್ಟುಕೊಂಡು, ಊರಿನ ದಾರಿಗಳು ಪರಿಚಯವಾದ ಬಳಿಕ ವಸಂತದಲ್ಲಿ ತಮ್ಮದನ್ನು ಕೊಳ್ಳಲಿ ಎಂಬುದು ನನ್ನ ಸಲಹೆ. ಕನಿಷ್ಠ ಅವಧಿ ಎಷ್ಟು, ನಿಲ್ಲಿಸಲು ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು. ಬಾಡಿಗೆ ಪ್ರತಿ ತಿಂಗಳೂ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಕ್ರಮವಿರುವುದರಿಂದ, ನಗರಸಭೆಯಲ್ಲಿ ವಿಳಾಸ ನೋಂದಾಯಿಸಿ, ನಾಗರಿಕ ಸೇವಾ ಸಂಖ್ಯೆ ಪಡೆದು, ಇಲ್ಲಿನ ಖಾತೆ ತೆರೆಯುವ ಕೆಲಸವನ್ನು ಬಂದ ವಾರದಲ್ಲೇ ಶುರುಮಾಡುವುದು ಒಳ್ಳೆಯದು. ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬಂದಿಳಿಯುವುದರಿಂದ, ಸೈಕಲ್ ಪಡೆಯುವ ದಿನವನ್ನು ಆಗಸ್ಟಿನಲ್ಲೇ ಗೊತ್ತುಮಾಡಿಕೊಂಡಿರಬೇಕು.