ದಟ್ಟ ನರೆಗೂದಲಿಗೆ ಪೆಟ್ಟಿಗೆ ಡೈಗಿಂತ ಬಿಡಿ ಟ್ಯೂಬೇ ವಾಸಿ

ಮನೆಯಲ್ಲಿ ಹಚ್ಚಿಕೊಳ್ಳುವ ಕ್ರೀಮ್ ಡೈಯನ್ನು ಎರಡು ರೀತಿ ಕೊಳ್ಳಬಹುದು. ಒಂದು, ಬಣ್ಣ, ಡೆವಲಪರ್ (ಬಣ್ಣ ಹಿಡಿಯಲು ಬೆರೆಸುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ), ಗ್ಲೌಸ್ ಎಲ್ಲ ಸೇರಿದ ಪೆಟ್ಟಿಗೆ. ಇನ್ನೊಂದು, ಬಣ್ಣದ ಟ್ಯೂಬನ್ನೂ ಡೆವಲಪರ್ ಬಾಟಲಿಯನ್ನೂ ಬೇರೆ ಬೇರೆಯಾಗಿ ತಂದುಕೊಳ್ಳುವುದು. ಕೂದಲು ತೆಳ್ಳಗಿದ್ದರೆ ಪೆಟ್ಟಿಗೆ ಸಾಕು. ದಟ್ಟವಾಗಿದ್ದು ಅರ್ಧಕ್ಕಿಂತ ಹೆಚ್ಚು ನರೆತಿದ್ದರೆ ಪೆಟ್ಟಿಗೆಯ ಅಗ್ಗ ಬರೀ ನೋಟಕ್ಕೆ.

ಬಣ್ಣದ ಗುಣದಲ್ಲಿ ಪೆಟ್ಟಿಗೆಗೆ ಅಂಥ ಕೊರತೆಯಿಲ್ಲ, ಕೊರತೆ ಇರುವುದು ಅಳತೆಯಲ್ಲಿ. ಕಲಸಿದ ಮೇಲೆ ಸಾಮಾನ್ಯವಾಗಿ 100–120 ಗ್ರಾಂ ಲೇಪ ಬರುತ್ತದೆ. ಭುಜ ದಾಟಿದ ದಟ್ಟ ಕೂದಲಿಗೆ ಇದರ ಎರಡರಷ್ಟು ಬೇಕು. ನೆತ್ತಿ ಮುಗಿಯುವಷ್ಟರಲ್ಲಿ ಬಟ್ಟಲು ತಳ ಕಾಣುತ್ತದೆ. ಉಳಿದದ್ದನ್ನು ಎಳೆದೆಳೆದು ಸವರಿದರೆ ಹಿಂದಲೆಯಲ್ಲಿ ಬೂದು ತೇಪೆಗಳು ಉಳಿಯುತ್ತವೆ. ಅದೇ ಪೆಟ್ಟಿಗೆ ಮುಂದಿನ ತಿಂಗಳು ಬುಡಕ್ಕೆ ಮಾತ್ರ ಹಚ್ಚುವಾಗ ಜಾಸ್ತಿಯಾಗುತ್ತದೆ. ಕಲಸಿದ ಡೈ ಗಾಳಿಗೆ ಕಪ್ಪಾಗಿ ಸತ್ವ ಕಳೆದುಕೊಳ್ಳುವುದರಿಂದ ಎತ್ತಿಡುವಂತಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅನಿಲ ತುಂಬಿ ಸಿಡಿಯಲೂಬಹುದು.

ಬಿಡಿ ಟ್ಯೂಬಾದರೆ ಬೇಕಾದಷ್ಟೇ ಕಲಸಬಹುದು. ಅದಕ್ಕೆ ಡೆವಲಪರ್ 6 ಪ್ರತಿಶತದ್ದು, ಅಂದರೆ 20 ವಾಲ್ಯೂಮ್‌ನದ್ದು, ತನ್ನಿ. 3 ಪ್ರತಿಶತದ್ದಾದರೆ ಒರಟು ನರೆಗೆ ಬಣ್ಣ ಸರಿಯಾಗಿ ಕೂರುವುದಿಲ್ಲ. 9 ಅಥವಾ 12ರದ್ದು ನರೆಯನ್ನು ಹೆಚ್ಚು ಮುಚ್ಚುತ್ತದೆಂಬುದು ತಪ್ಪು ಎಣಿಕೆ: ಅದು ನರೆಯದ ಕೂದಲನ್ನು ಕೆಂಚಾಗಿಸುತ್ತದೆ, ನೆತ್ತಿಗೆ ಉರಿ ಬೇರೆ. ಟ್ಯೂಬಿನ ಮೇಲೆ ಹೇಳಿದ ಪ್ರಮಾಣವನ್ನೇ ಅನುಸರಿಸಿ. ಬಣ್ಣಕ್ಕೆ ಡೆವಲಪರ್ ಕೆಲವಕ್ಕೆ 1:1, ಕೆಲವಕ್ಕೆ 1:1.5. ಕಣ್ಣಳತೆ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಡೆವಲಪರ್ ಹೆಚ್ಚಾದರೆ ಲೇಪ ನೀರಾಗಿ ಹಣೆಗಿಳಿಯುತ್ತದೆ, ಬಣ್ಣವೂ ಪೇಲವ. ಬಟ್ಟಲು ಪ್ಲಾಸ್ಟಿಕ್ಕಿನದೋ ಗಾಜಿನದೋ ಇರಲಿ, ಲೋಹದ್ದು ಬೇಡ.

ಕೆಂಪು ಛಾಯೆ ಇಷ್ಟವೆಂದು ಅದೊಂದನ್ನೇ ನರೆಗೆ ಹಚ್ಚಿದರೆ ಬಿಳಿ ಎಳೆಗಳೆಲ್ಲ ಕಿತ್ತಳೆಯಂತೆ ಹೊಳೆಯುತ್ತವೆ. ಅರ್ಧಪಾಲು ಅದೇ ಮಟ್ಟದ, ಅಂದರೆ ಅಷ್ಟೇ ಗಾಢತೆಯ, ನ್ಯಾಚುರಲ್ ಬಣ್ಣ ಬೆರೆಸಬೇಕು. ಹೀಗೆ ಬೆರೆಸುವ ಅನುಕೂಲ ಪೆಟ್ಟಿಗೆಯಲ್ಲಿಲ್ಲ. ಕಪ್ಪೋ ಕಡುಗಂದೋ ಎಂಬ ಅನುಮಾನವಿದ್ದರೆ ಕಂದನ್ನೇ ಆರಿಸಿ. ತಿಳಿಯಾದದ್ದನ್ನು ಇನ್ನಷ್ಟು ಗಾಢ ಮಾಡಬಹುದು, ಗಾಢವಾದದ್ದನ್ನು ಇನ್ನೊಂದು ಡೈ ಹಚ್ಚಿ ತಿಳಿ ಮಾಡಲಾಗದು.

ಹಚ್ಚುವಾಗ ಅರ್ಧ ಸೆಂಟಿಮೀಟರಿಗೊಂದು ಬೈತಲೆ ತೆಗೆಯಿರಿ. ದಟ್ಟ ಕೂದಲಿನಲ್ಲಿ ಬೈತಲೆ ಅಗಲವಾದರೆ ಮೇಲಿನ ಪದರಕ್ಕಷ್ಟೇ ಬಣ್ಣ ಹತ್ತಿ, ಗಾಳಿಗೆ ಕೂದಲು ಹಾರಿದಾಗ ಒಳಗಿನ ಬಿಳಿ ಇಣುಕುತ್ತದೆ. ಹಣೆಯಂಚು ಮತ್ತು ಕಿವಿಯ ಮುಂದಿನ ನರೆ ಮಹಾ ಹಟಮಾರಿ, ಅಲ್ಲಿಂದಲೇ ಶುರು ಮಾಡಿ. ಲೇಪ ದಪ್ಪಗೆ ಕೂರಬೇಕು, ಉಜ್ಜಬಾರದು. ಸಾಮಾನ್ಯವಾಗಿ 35–45 ನಿಮಿಷ, ಆದರೆ ಟ್ಯೂಬಿನಲ್ಲಿ ಹೇಳಿದ ಗರಿಷ್ಠ ಸಮಯ ಮೀರಬೇಡಿ. ತೊಳೆಯುವ ಮುಂಚೆ ಕಿವಿಯ ಬಳಿಯ ನಾಲ್ಕೆಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಬುಡ ಇನ್ನೂ ಬೂದಾಗಿದ್ದರೆ ಅಲ್ಲಿ ಹೊಸ ಲೇಪ ಹಾಕಿ ಉಳಿದ ಸಮಯ ಬಿಡಿ.

‘ಅಮೋನಿಯಾ ಇಲ್ಲ’ ಎಂದು ಬರೆದದ್ದಕ್ಕೆ ವಾಸನೆ ಕಡಿಮೆ ನಿಜ, ಆದರೆ ಹಟಮಾರಿ ನರೆಯ ಮೇಲೆ ಹಿಡಿತವೂ ತುಸು ಕಡಿಮೆ. ಅಲರ್ಜಿ ತರುವ ಪಿಪಿಡಿ ಎಂಬ ಡೈ ರಾಸಾಯನಿಕ ಅದರಲ್ಲೂ ಇರಬಹುದು, ಕಪ್ಪು ಮೆಹಂದಿ ಪುಡಿಗಳಲ್ಲೂ ಇರಬಹುದು. ಯಾವುದೇ ಡೈ ಆಗಲಿ, 48 ಗಂಟೆ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ತುರಿಕೆ, ಊತ ಕಂಡರೆ ಆ ಡೈ ಬೇಡವೇ ಬೇಡ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಆಮೇಲೆ ಬುಡಕ್ಕಷ್ಟೇ ಸಾಕು, 40–60 ಗ್ರಾಂ ಲೇಪ. ಪ್ರತಿಸಲ ತುದಿಯವರೆಗೆ ಎಳೆದರೆ ತುದಿ ಮಸಿಯಂತಾಗಿ ಒಣಗುತ್ತದೆ. ಮಿಕ್ಕ ಟ್ಯೂಬಿನ ಬಾಯಿ ಒರೆಸಿ, ಗಾಳಿ ಹಿಂಡಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.