ಮೈಸೂರಿನ ಪಕ್ಷಿ ಅಂಗಡಿಗಳ ಬಿಡಿ ಕಾಳು, ಕೆಂಪು ಪುಡಿ: ಯಾವುದಕ್ಕೆ ದುಡ್ಡು ಕೊಡಬಹುದು?

ಸಾಕುಹಕ್ಕಿಯ ಗರಿ ಮಂಕಾಗಿದೆ ಎಂದು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವುದು ‘ಕಲರ್ ಫುಡ್’ ಎಂಬ ಕೆಂಪು ಪುಡಿ. ಬಹುಪಾಲು ಮನೆಗಳಿಗೆ ಅದು ಬೇಕಾಗಿಲ್ಲ. ನೋಡಬೇಕಾದ್ದು ಅದೇ ಅಂಗಡಿಯ ಮೂಟೆಯಲ್ಲಿರುವ ಮಿಶ್ರಕಾಳನ್ನು.

ಮೊದಲು ಪುಡಿ. ಇದರ ಮುಖ್ಯ ಅಂಶ ಕ್ಯಾಂಥಾಕ್ಸಾಂಥಿನ್, ಹಳದಿ, ಕೆಂಪು ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಎಂಬ ವಸ್ತುಗಳಲ್ಲಿ ಒಂದು. ಹಕ್ಕಿಯ ಮೈ ಕ್ಯಾರೊಟಿನಾಯ್ಡನ್ನು ತಾನೇ ತಯಾರಿಸಲಾರದು, ತಿಂದದ್ದರಿಂದಲೇ ಪಡೆಯಬೇಕು. ಹಾಗಾಗಿ ಕೆಂಪು ಕೆನರಿ ಹಕ್ಕಿಗೆ ಈ ಪುಡಿ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಬೆಳೆದು ಮುಗಿದ ಗರಿಗೆ ಬಣ್ಣ ಏರುವುದಿಲ್ಲ. ಗರಿ ಉದುರುವುದಕ್ಕೆ ಸುಮಾರು ಎರಡು ವಾರ ಮೊದಲು ಶುರುಮಾಡಿ, ಹೊಸ ಗರಿ ಪೂರ್ತಿ ಬರುವವರೆಗೂ ಕೊಡಬೇಕು. ನಡುವೆ ಬಿಟ್ಟರೆ ಮೈಯೆಲ್ಲ ತೇಪೆ ಹಾಕಿದಂತಾಗುತ್ತದೆ. ಲೇಬಲ್ ಮೇಲೆ ಶೇ. 10 ಎಂದಿದ್ದರೆ 1 ಗ್ರಾಂ ಪುಡಿಯಲ್ಲಿ ಬಣ್ಣ 100 ಮಿ.ಗ್ರಾಂ ಮಾತ್ರ, ಶೇಕಡಾವಾರು ಬರೆಯದ ಬಿಡಿ ಪೊಟ್ಟಣವನ್ನು ಕೊಳ್ಳಬೇಡಿ, ಅಳತೆ ಹಾಕಲು ದಾರಿಯೇ ಇರುವುದಿಲ್ಲ. ಹೆಚ್ಚು ಹಾಕಿದರೆ ಕೆಂಪು ಹೋಗಿ ಕಂದು ಬರುತ್ತದೆ, ಪಿತ್ತಜನಕಾಂಗಕ್ಕೂ ಹೊರೆ. ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ಆದ್ದರಿಂದ ನೀರಿಗಿಂತ ಬೇಯಿಸಿ ಪುಡಿಮಾಡಿದ ಮೊಟ್ಟೆಯಲ್ಲಿ ಬೆರೆಸುವುದೇ ಸರಿ. ಬಿಸಿಲಿನಲ್ಲಿ ಇಟ್ಟ ಡಬ್ಬಿ ಸತ್ವ ಕಳೆದುಕೊಂಡಿರುತ್ತದೆ.

ಬಡ್ಜಿ, ಆಫ್ರಿಕನ್ ಲವ್ ಬರ್ಡ್, ಕಾಕಟೀಲ್ ಎಂಬ ಸಾಕುಗಿಳಿಗಳಿಗೆ ಇದನ್ನು ಕೊಡುವುದು ವ್ಯರ್ಥ. ಗಿಳಿ ಜಾತಿಯ ಹಳದಿ, ಕೆಂಪು ಬಣ್ಣಗಳು ಸಿಟ್ಟಾಕೊಫಲ್ವಿನ್ ಎಂಬ ಬೇರೆಯೇ ಬಣ್ಣದ ವಸ್ತುವಿನಿಂದ ಬರುತ್ತವೆ, ಅದನ್ನು ಗರಿಯ ಬುಡದಲ್ಲಿ ಹಕ್ಕಿಯೇ ತಯಾರಿಸುತ್ತದೆ. ನೀಲಿಗಂತೂ ಬಣ್ಣದ ವಸ್ತುವೇ ಇಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಆ ನೀಲಿ ಕಾಣುತ್ತದೆ. ಬಡ್ಜಿಯ ಹಸಿರು ಈ ನೀಲಿ ಮತ್ತು ಹಳದಿ ಸೇರಿದ್ದು.

ಈ ಹಕ್ಕಿಗಳ ಬಣ್ಣ ಕೆಡುವುದು ಹೆಚ್ಚಾಗಿ ಆಹಾರದ ಕೊರತೆಯಿಂದ. ಗರಿಯ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಬರೀ ನವಣೆ, ಸಜ್ಜೆ, ಸೂರ್ಯಕಾಂತಿಯ ಮಿಶ್ರಣದಲ್ಲಿ ವಿಟಮಿನ್ ಎ, ಕ್ಯಾಲ್ಸಿಯಂ ತೀರಾ ಕಡಿಮೆ, ಸಿರಿಧಾನ್ಯಗಳಲ್ಲಿ ಪ್ರೋಟೀನು ಕಟ್ಟಲು ಬೇಕಾದ ಲೈಸಿನ್ ಎಂಬ ಅಂಶವೂ ಸಾಲದು. ಉದಾಹರಣೆಗೆ, ಕಂಚು ಬಣ್ಣದ ಟರ್ಕಿ ಕೋಳಿಮರಿಗೆ ಲೈಸಿನ್ ಕಡಿಮೆಯಾದರೆ ರೆಕ್ಕೆಯಲ್ಲಿ ಬಿಳಿ ಪಟ್ಟೆ ಮೂಡುತ್ತದೆ. ಗರಿ ಬೆಳೆಯುವಾಗ ಆಹಾರ ತಪ್ಪಿದರೆ ಅಷ್ಟು ಭಾಗ ತೆಳುವಾಗಿ, ಗರಿಗೆ ಅಡ್ಡಲಾಗಿ ಗೆರೆ ಬಿದ್ದು ಅಲ್ಲೇ ಮುರಿಯುತ್ತದೆ. ಇದಕ್ಕೆ ಸಾಮಾನ್ಯ ಕಾರಣವೊಂದಿದೆ: ಹಕ್ಕಿ ಕಾಳು ಸುಲಿದು ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತದೆ, ನೋಡುವವರಿಗೆ ಬಟ್ಟಲು ತುಂಬಿದಂತಿರುತ್ತದೆ, ಹಕ್ಕಿ ಉಪವಾಸ. ದಿನಾ ಬೆಳಿಗ್ಗೆ ಸಿಪ್ಪೆ ಊದಿ ತೆಗೆದು, ಒಂದು ಬಡ್ಜಿಗೆ ಒಂದೂವರೆಯಿಂದ ಎರಡು ಟೀ ಚಮಚ ಹೊಸ ಕಾಳು ಹಾಕಿ.

ಅಂಗಡಿಯ ಮೂಟೆಯಿಂದ ಮೊದಲು ಒಂದು ಹಿಡಿ ತನ್ನಿ. ನೂರು ನವಣೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ನಾಲ್ಕೈದು ದಿನದಲ್ಲಿ ಎಂಬತ್ತಾದರೂ ಮೊಳೆಯದಿದ್ದರೆ ಅದು ಹಳೆಯ ದಾಸ್ತಾನು. ಮಿಶ್ರಣದಲ್ಲಿ ಕೆಂಪು, ಹಸಿರು ಹರಳುಗಳಿದ್ದರೆ ನೀರಿಗೆ ಹಾಕಿ ನೋಡಿ. ಬಣ್ಣ ಬಿಟ್ಟರೆ ಅದು ಲೇಪನವಷ್ಟೆ, ಗರಿಗೆ ಏನೂ ಸಿಗದು. ಮುಗ್ಗಲು ವಾಸನೆ ಬಂದರೆ ಅರ್ಧ ಬೆಲೆಗೂ ಬೇಡ, ಬೂಷ್ಟಿನ ವಿಷ ಪಿತ್ತಜನಕಾಂಗವನ್ನು ಕೊಲ್ಲುತ್ತದೆ. ಸಂತೇಪೇಟೆಯಲ್ಲಿ ಬೇರೆ ಬೇರೆ ಕಾಳು ಕೊಂಡು ನೀವೇ ಬೆರೆಸುವುದು ಎಷ್ಟೋ ವಾಸಿ. ಆದರೆ ಅಡುಗೆಗೆಂದು ಸಿಪ್ಪೆ ತೆಗೆದ ನವಣೆ ಬೇಡ, ಸಿಪ್ಪೆ ಸಹಿತದ್ದನ್ನೇ ಕೇಳಿ. ಸೂರ್ಯಕಾಂತಿ ಚಿಟಿಕೆಯಷ್ಟು ಸಾಕು.

ಜೊತೆಗೆ ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ದಿನಾ ಇರಲಿ, ಚೆನ್ನಾಗಿ ತೊಳೆದು ಕೊಡಿ. ಬೆಣ್ಣೆಹಣ್ಣು ವಿಷ, ಕೊಡಲೇಬೇಡಿ. ಗರಿ ಉದುರುವ ಕಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಬೇಯಿಸಿದ ಮೊಟ್ಟೆ ಒಂದು ಚಮಚ, ಎರಡು ಗಂಟೆಯೊಳಗೆ ಉಳಿದದ್ದನ್ನು ತೆಗೆದುಬಿಡಿ.

ಇಷ್ಟು ಮಾಡಿ ಮುಂದಿನ ಗರಿಯೂ ಕೆಟ್ಟ ಬಣ್ಣದಲ್ಲೇ ಬಂದರೆ, ಹಸಿರಿದ್ದಲ್ಲಿ ಹಳದಿ ಅಥವಾ ಕಪ್ಪು ಕಂಡರೆ, ಅಂಗಡಿಗಲ್ಲ, ಪಕ್ಷಿ ನೋಡುವ ಪಶುವೈದ್ಯರ ಬಳಿಗೆ ಹೋಗಿ. ಪಿತ್ತಜನಕಾಂಗದ ರೋಗಕ್ಕೂ ಇದು ಲಕ್ಷಣ, ಆ ಹಕ್ಕಿಗೆ ಕೆಂಪು ಪುಡಿ ತಿನ್ನಿಸುವುದು ಅಪಾಯ.